ಯಲ್ಲಾಪುರದ ಬಸ್ಸೂ ಕೆರಿಯಪ್ಪನ ಕಣ್ಣೀರೂ

ಈರುಳ್ಳಿ ಹೆಚ್ಚುವುದರಲ್ಲಿ ದಾಸನಕೊಪ್ಪದ ಕೆರಿಯಪ್ಪನನ್ನು ಮೀರಿಸುವವರು ಸುತ್ತಲಿನ ಊರುಗಳಲ್ಲಿ ಯಾರೂ ಇರಲಿಲ್ಲ. ಯಾರ ಮನೆಯಲ್ಲಿ ಮದುವೆಯಾಗಲಿ, ತೊಟ್ಟಿಲ ಕಾರ್ಯವಾಗಲಿ, ಅಡುಗೆಯವರು ಒಲೆ ಹೂಡುವ ಮೊದಲು ಕೇಳುತ್ತಿದ್ದ ಮಾತು ಒಂದೇ: "ಕೆರಿಯಪ್ಪಣ್ಣಗ ಹೇಳೀರಿಲ್ಲೋ?" ಉಳಿದ ಗಂಡಸರು ನಾಲ್ಕು ಗಡ್ಡೆ ಹೆಚ್ಚುವಷ್ಟರಲ್ಲಿ ಮೂಗೊರೆಸಿಕೊಳ್ಳುತ್ತ ಹಿತ್ತಲಿಗೆ ಓಡಿದರೆ, ಕೆರಿಯಪ್ಪ ಒಂದಿಡೀ ಚೀಲವನ್ನು ಈಳಿಗೆಯ ಮುಂದೆ ಸುರಿದುಕೊಂಡು, ಊರಿನ ಸುದ್ದಿ ಆಡುತ್ತ, ನಡುನಡುವೆ ಎಲೆಯಡಿಕೆ ಮೆಲ್ಲುತ್ತ, ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ಕೆಲಸ ಮುಗಿಸಿ ಏಳುತ್ತಿದ್ದ.

"ಅಳೂದು ಹೆಂಗಸರ ಕೆಲಸ. ಗಂಡಸಿನ ಕಣ್ಣು ಅಂದ್ರ ಕಣಜ ಇದ್ದಂಗ. ಒಣಾ ಇದ್ರ ಬೆಲಿ" ಎಂದು ಮೀಸೆ ತೀಡುತ್ತಿದ್ದ.

ಅಕ್ಕನನ್ನು ಗಂಡನ ಮನೆಗೆ ಕಳಿಸುವಾಗ ಇಡೀ ಓಣಿ ಅತ್ತಿತ್ತು, ಕೆರಿಯಪ್ಪ ಮಾತ್ರ ಗಾಡಿಯ ಎತ್ತಿಗೆ ಹುಲ್ಲು ಹಾಕುತ್ತ ನಿಂತಿದ್ದ. ಆ ಅಕ್ಕ ಇಂದಿಗೂ ಅವನನ್ನು "ನನ್ನ ತಮ್ಮ ಕಲ್ಲು" ಎನ್ನುತ್ತಾಳೆ. ಅದನ್ನೂ ಅವನು ಹೊಗಳಿಕೆಯ ಲೆಕ್ಕಕ್ಕೇ ಹಾಕಿಕೊಂಡಿದ್ದ.

ಇಂಥ ಕೀರ್ತಿವಂತ ಕಣ್ಣು ಒಂದು ವರ್ಷದ ಸುಗ್ಗಿಯ ಹೊತ್ತಿಗೆ ಉರಿಯತೊಡಗಿತು. ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿ ಕೆರಿಯಪ್ಪನ ದಿನಸಿ ಅಂಗಡಿ. ಒಣಮೆಣಸಿನ ಘಾಟು, ರಸ್ತೆಯ ಧೂಳು ಎಂದು ಮೊದಮೊದಲು ಅವನು ಲಕ್ಷ್ಯ ಕೊಡಲಿಲ್ಲ. ಆಮೇಲೆ ರೆಪ್ಪೆ ಮುಚ್ಚಿ ತೆಗೆದರೆ ಒಳಗೆ ಮರಳು ತಿಕ್ಕಿದಂತಾಯಿತು. ಕಣ್ಣು ಕುಂಕುಮದ ಭರಣಿಯಾಯಿತು. ಕೊನೆಗೊಂದು ದಿನ ಎದುರಿನ ಹಿಟ್ಟಿನ ಗಿರಣಿಯ ಗೌರಕ್ಕ ಸಕ್ಕರೆ ಕೇಳಿದಾಗ ಉಪ್ಪು ತೂಗಿ ಕೊಟ್ಟ. ಗೌರಕ್ಕ ಅದನ್ನು ನಂಬಿ, ಬಂದ ನೆಂಟರಿಗೆ ಶಿರಾ ಮಾಡಿ ಬಡಿಸಿದಳು. ನೆಂಟರು ಆ ಸಂಜೆಯೇ ಊರಿಗೆ ಹೋದರು. ಅಂದಿನಿಂದ ಗೌರಕ್ಕ ಒಂದು ಕಣ್ಣನ್ನು ಗಿರಣಿಯ ಮೇಲೂ ಇನ್ನೊಂದನ್ನು ಕೆರಿಯಪ್ಪನ ಮೇಲೂ ಇಟ್ಟಳು.

ಹೆಂಡತಿ ಅನ್ನಪೂರ್ಣವ್ವ ಹೆಚ್ಚು ಮಾತಾಡುವವಳಲ್ಲ. "ನಾಳೆ ಶಿರಸಿಗೆ ಹೋಗೂಣು" ಎಂದಳು. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ತಿಂಗಳಿಗೊಮ್ಮೆ ಶಿರಸಿಗೆ ಬಂದು ನೋಡುತ್ತಿದ್ದ ಕಾಲ ಅದು.

ಡಾಕ್ಟರು ಕೆರಿಯಪ್ಪನ ಕೆಳರೆಪ್ಪೆಯನ್ನು ಎಳೆದು, ಶಾಯಿ ಹೀರುವ ಕಾಗದದಂಥ ಒಂದೊಂದು ಪಟ್ಟಿಯನ್ನು ಸಿಕ್ಕಿಸಿ ಕೂರಿಸಿದರು. ಎರಡೂ ಕಣ್ಣಿನಿಂದ ಕಾಗದ ಜೋತುಬಿದ್ದ ಕೆರಿಯಪ್ಪ ತೋರಣ ಕಟ್ಟಿದ ಬಾಗಿಲಿನಂತೆ ಕಾಣುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕಾಗದ ತೆಗೆದು ನೋಡಿದರೆ, ಇಟ್ಟ ಹಾಗೇ ಗರಿಗರಿಯಾಗಿ ಇತ್ತು.

"ಕೆರಿಯಪ್ಪನವರೇ, ನಿಮ್ಮ ಕಣ್ಣಲ್ಲಿ ನೀರೇ ಬರುತ್ತಿಲ್ಲ."

"ಹುಟ್ಟಿದಾಗಿಂದ ಹಂಗ ಐತ್ರಿ!" ಕೆರಿಯಪ್ಪ ಎದೆ ಸೆಟೆಸಿದ. "ಉಳ್ಳಾಗಡ್ಡಿ ಚೀಲಗಟ್ಟಲೆ ಹೆಚ್ಚತೀನ್ರಿ."

"ಹೆಚ್ಚಬೇಡಿ. ಇದು ರೋಗ."

ಅನ್ನಪೂರ್ಣವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಇಷ್ಟು ವರ್ಷ ಮನೆಯಲ್ಲಿ ಗಂಡಸ್ತನವೆಂದು ಮೆರೆದದ್ದಕ್ಕೆ ಶಿರಸಿಯ ಚೀಟಿಯಲ್ಲಿ ಬೇರೆ ಹೆಸರು ಬಿದ್ದರೆ ಯಾವ ಹೆಂಡತಿಗೆ ತಾನೇ ನಗು ಬರುವುದಿಲ್ಲ!

ಡಾಕ್ಟರು ಒಂದು ಚಿಕ್ಕ ಸೀಸೆ ಬರೆದುಕೊಟ್ಟರು. "ಒಣಗಿ ಒಣಗಿ ಕಣ್ಣು ಒಳಗೇ ಬಾತಿದೆ. ಈ ಔಷಧ ಆ ಬಾವು ಇಳಿಸುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಹೊತ್ತಿಗೆ ಸರಿಯಾಗಿ ಕಣ್ಣಿಗೊಂದು ಹನಿ. ನಾನು ಹೇಳದೆ ಬಿಡಬೇಡಿ, ನಾನು ಹೇಳದೆ ಹೆಚ್ಚಿಗೆ ದಿನ ಹಾಕಲೂಬೇಡಿ. ಬೇರೆಯವರ ಕಣ್ಣಿಗಂತೂ ಕೊಡಲೇಬೇಡಿ. ಮುಂದಿನ ಸಲ ಬಂದು ತೋರಿಸಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಕೆರಿಯಪ್ಪ ಹೆಂಡತಿಯ ಕಿವಿಯಲ್ಲಿ ಹೇಳಿದ: "ಈ ಸುದ್ದಿ ಹೊರಗ ಬೀಳಬಾರದು. ಸಾವಿತ್ರಿ ನಿಶ್ಚಯ ಆಗೂತನಕ ನಿನ್ನ ಬಾಯಿಗೆ ಬೀಗ."

ಮಗಳು ಸಾವಿತ್ರಿಯನ್ನು ಯಲ್ಲಾಪುರದ ಗುತ್ಯಪ್ಪನ ಮನೆಯವರು ನೋಡಿ ಹೋಗಿದ್ದರು. ಹುಡುಗ ಮಧುಕೇಶ್ವರ ಮರದ ನಾಟಾ ಡಿಪೋದಲ್ಲಿ ಕಾರಕೂನ. ಎರಡೂ ಕಡೆ ಮನಸ್ಸು ಬಂದು, ನಿಶ್ಚಯದ ಶಾಸ್ತ್ರವೊಂದೇ ಬಾಕಿ ಇತ್ತು. ಹುಡುಗ ಹೋಗುವಾಗ ಹೊಸ್ತಿಲಲ್ಲಿ ಎಡವಿದ್ದನ್ನು ನೆನೆದು ಸಾವಿತ್ರಿ ಕೌದಿ ಹೊಲಿಯುತ್ತ ಒಬ್ಬಳೇ ನಗುತ್ತಿದ್ದಳು. ಅಷ್ಟರ ಮೇಲೆ ಹೆಚ್ಚಿನ ಪುರಾವೆ ಬೇಕಿರಲಿಲ್ಲ.

"ಅಪ್ಪನ ಕಣ್ಣು ಹಿಂಗ, ನಾಳೆ ಮಗಳ ಕಣ್ಣು ಹೆಂಗೋ ಅಂತಾರ ಬೀಗರು" ಎಂದ ಕೆರಿಯಪ್ಪ.

ಬೆಕ್ಕಿನ ಮರಿ ಸತ್ತಾಗ ಸಾವಿತ್ರಿ ಮೂರು ಹೊತ್ತು ಅತ್ತು ದಿಂಬು ತೋಯಿಸಿದ್ದು ಅನ್ನಪೂರ್ಣವ್ವನಿಗೆ ನೆನಪಿತ್ತು. ಆದರೂ ಹೂಂ ಎಂದಳು. ಗಂಡನಿಗೆ ಬುದ್ಧಿ ತಾನಾಗಿ ಬರಲಿ ಎಂದು ಕಾಯುವ ಅಭ್ಯಾಸ ಅವಳಿಗೆ ಬಹಳ ದಿನದ್ದು.

ಇನ್ನು ಹೊತ್ತಿನ ಪ್ರಶ್ನೆ. ಕೆರಿಯಪ್ಪನ ಅಂಗಡಿಯಲ್ಲಿ ಗಡಿಯಾರ ಇತ್ತು. ಅದು ಅವನ ತಂದೆ ತೀರಿಕೊಂಡಾಗಲೇ ನಿಂತು, ಈಗ ಅಗರಬತ್ತಿ ಸಿಕ್ಕಿಸಲು ಬಳಕೆಯಾಗುತ್ತಿತ್ತು. ಊರಿಗೆಲ್ಲ ಬಸ್ಸೇ ಗಡಿಯಾರ. ಬನವಾಸಿಯ ಕಡೆಯಿಂದ ಬಂದು ಶಿರಸಿಯ ಮೇಲೆ ಹಾದು ಯಲ್ಲಾಪುರಕ್ಕೆ ಹೋಗುವ ಬಸ್ಸು ಬೆಳಿಗ್ಗೆ ಕೂಗಿದರೆ ಹೆಂಗಸರು ದನ ಹೊರಗೆ ಬಿಡುತ್ತಿದ್ದರು. ಮಧ್ಯಾಹ್ನ ತಿರುಗಿ ಬಂದು ಕೂಗಿದರೆ ಊಟದ ತಾಟು ಹಾಕುತ್ತಿದ್ದರು. ಸಂಜೆ ಮತ್ತೆ ಹೋಗುವಾಗ ಕೂಗಿದರೆ ದೀಪ ಹಚ್ಚುತ್ತಿದ್ದರು. ಕೆರಿಯಪ್ಪನೂ ಅದೇ ರೂಢಿಗೆ ತನ್ನ ಔಷಧವನ್ನು ಕಟ್ಟಿದ. ಬಸ್ಸು ಕೂಗಿದ ಕೂಡಲೇ ಅಂಗಡಿಯ ಹಿಂದಿನ ಗೋಣಿಚೀಲಗಳ ಮರೆಗೆ ಹೋಗುವುದು, ಹನಿ ಹಾಕಿಕೊಳ್ಳುವುದು, ಬರುವುದು.

ಹೇಳುವುದಕ್ಕೆ ಸುಲಭ. ಹನಿ ಹಾಕುವ ಕೈಗೂ ಹಾಕಿಸಿಕೊಳ್ಳುವ ಕಣ್ಣಿಗೂ ಮಾತೇ ಇರಲಿಲ್ಲ. ಮೊದಲ ಹನಿ ಹುಬ್ಬಿಗೆ, ಎರಡನೆಯದು ಮೀಸೆಗೆ, ಮತ್ತೊಂದು ಕಿವಿಯ ಸಂದಿಗೆ ಬಿದ್ದು, ಕೊನೆಗೆ ಕಣ್ಣಿಗೆ ಬೀಳಬೇಕಾದ್ದು ಬಿದ್ದಾಗ ಅವನು ಉರಿಗೆ "ಹಾ" ಎಂದು ಆಕಾಶಕ್ಕೆ ಮುಖ ಎತ್ತುತ್ತಿದ್ದ. ಕೆನ್ನೆಯ ಮೇಲೆ ಎರಡು ಹೊಳೆ ಹರಿಯುತ್ತಿದ್ದವು. ಆ ಸ್ಥಿತಿಯಲ್ಲಿ ಅವನು ಹೊರಗೆ ಬರುವುದಕ್ಕೂ ಯಲ್ಲಾಪುರದ ಬಸ್ಸು ಧೂಳೆಬ್ಬಿಸಿ ಹೊರಡುವುದಕ್ಕೂ ಸರಿಹೋಗುತ್ತಿತ್ತು.

ಗೌರಕ್ಕ ಗಿರಣಿಯ ಬಾಗಿಲಲ್ಲಿ ನಿಂತು ನೋಡಿದಳು. ಮಧ್ಯಾಹ್ನವೂ ನೋಡಿದಳು. ಸಂಜೆ, ಬೀಸಲು ಜೋಳ ತಂದ ಹೆಂಗಸರನ್ನು ನಿಲ್ಲಿಸಿಕೊಂಡು ಎಲ್ಲರಿಗೂ ತೋರಿಸಿದಳು. ಗಿರಣಿಯ ಸದ್ದಿನಲ್ಲಿ ಇಪ್ಪತ್ತು ವರ್ಷ ಮಾತಾಡಿದವಳ ಪಿಸುಮಾತು ಪಕ್ಕದೂರು ಎಕ್ಕಂಬಿಗೂ ಕೇಳುವಂಥದ್ದು.

"ಉಳ್ಳಾಗಡ್ಡಿಗೆ ಅಳದ ಮನಶ್ಯಾ, ಯಲ್ಲಾಪುರದ ಬಸ್ ನೋಡಿ ಅಳತಾನ! ತಿಳೀತಿಲ್ಲೋ? ಮಗಳನ್ನ ಆ ಊರಿಗೆ ಕೊಡಾಕ ಹೊಂಟಾನಲ್ಲ, ಕರಳು ಕಿತ್ತು ಬರಾಕ ಹತ್ತೈತಿ."

"ಹಂಗಾರ ಯಾಕ ಕೊಡಬೇಕ ಗೌರಕ್ಕಾ?"

"ಅದ ಮತ್ತ! ಏನೋ ಐತಿ. ಆ ಮನಿಯೊಳಗ ಏನೋ ಐತಿ. ಈಗ ಗೊತ್ತಾಗೇತಿ, ಬಾಯಿ ಬಿಡಾಕ ಆಗವಲ್ದು."

ಜೋಳ ಹಿಟ್ಟಾಗಿ ಮನೆಮನೆಗೆ ಹೋಯಿತು. ಜೊತೆಗೆ ಸುದ್ದಿಯೂ ನುಣ್ಣಗಾಗಿ ಹೋಯಿತು.

ಮರುದಿನ ಬೆಳಗಿನ ಬಸ್ಸಿಗೆ ಮೊದಲೇ ಮಠದ ಸಂಗಯ್ಯನವರು ಅಂಗಡಿಗೆ ಬಂದರು. ಸಂಬಂಧ ಕೂಡಿಸಿದವರೇ ಅವರು. ಕೆರಿಯಪ್ಪ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ನಮಸ್ಕರಿಸುವಷ್ಟರಲ್ಲಿ ಬಸ್ಸು ಕೂಗಿತು.

"ಒಂದ ನಿಮಿಷ ಅಯ್ಯನೋರ" ಎಂದವನೇ ಚೀಲಗಳ ಹಿಂದೆ ನುಗ್ಗಿದ. ಅಲ್ಲಿಂದ "ಹಾ" ಎಂಬ ಸದ್ದು ಕೇಳಿಸಿತು. ಕೆನ್ನೆ ತೋಯಿಸಿಕೊಂಡು ಹೊರಬಂದ.

ಸಂಗಯ್ಯನವರು ಅವನ ಕೈ ಹಿಡಿದುಕೊಂಡರು. "ಕೆರಿಯಪ್ಪಾ, ಅತ್ತುಬಿಡು. ನನ್ನ ಮುಂದ ಅತ್ತುಬಿಡು. ಹಿಂದ ಹೋಗಿ ಅಳೂದ್ಯಾಕ?"

"ನಾ ಎಲ್ಲಿ ಅತ್ತೇನ್ರಿ? ಧೂಳ್ರಿ."

"ಮೂರೂ ಹೊತ್ತು ಧೂಳ ಬೀಳತೈತೇನಪಾ?"

"ಬಸ್ ಮೂರೂ ಹೊತ್ತು ಬರತೈತಲ್ರಿ."

ಸಂಗಯ್ಯನವರು ಅವನ ಹೆಗಲು ತಟ್ಟಿ, "ಎಷ್ಟು ದೊಡ್ಡ ಮನಸ್ಸು! ನೋವು ನುಂಗತಾನ" ಎಂದು ಎದುರು ಗಿರಣಿಗೆ ಹೋಗಿ ಹೇಳಿದರು. ಹೇಳಬೇಕಾದ ಜಾಗವೇ ಅದು.

ಅಂದಿನಿಂದ ಬಸ್ಸಿನ ಹೊತ್ತಿಗೆ ಕೆರಿಯಪ್ಪನನ್ನು ಸಂತೈಸಲು ಜನ ಸೇರತೊಡಗಿದರು. ಬಸ್ಸು ಕೂಗುವ ಮೊದಲೇ ನಾಲ್ಕಾರು ಮಂದಿ ಗಲ್ಲಾಪೆಟ್ಟಿಗೆಯ ಸುತ್ತ ಮುಖ ಸಣ್ಣಗೆ ಮಾಡಿ ನಿಲ್ಲುತ್ತಿದ್ದರು. ಒಬ್ಬರು ಬೀಡಿ ಕೊಟ್ಟರೆ ಒಬ್ಬರು ನೀರು ಕೊಡುತ್ತಿದ್ದರು. ಅವರ ಕಾಟಕ್ಕೆ ಕೆರಿಯಪ್ಪ ಚೀಲಗಳ ಮರೆ ಬಿಟ್ಟು ಹುಲ್ಲಿನ ಬಣವೆಯ ಹಿಂದಕ್ಕೆ ಹೋದ. ಅಲ್ಲಿಂದ ಮೈಗೆಲ್ಲ ಹುಲ್ಲು ಮೆತ್ತಿಕೊಂಡು, ಕಣ್ಣಲ್ಲಿ ನೀರು ಇಳಿಸುತ್ತ ಬಂದಾಗ, "ನೆಲಕ್ಕ ಬಿದ್ದು ಹೊರಳಾಡತಾನಂತ!" ಎಂದು ಊರು ನಿಟ್ಟುಸಿರು ಬಿಟ್ಟಿತು. ಕಂಡಕ್ಟರನೂ ಸುಮ್ಮನಿರಲಿಲ್ಲ. ದಾಸನಕೊಪ್ಪ ಬಂದಾಗ "ಅಳೋ ಸಾವಕಾರ್ರ ಸ್ಟಾಪು, ಇಳೀರಿ" ಎಂದು ಕೂಗಿ, ಎರಡು ನಿಮಿಷ ಹೆಚ್ಚಿಗೆ ಬಸ್ಸು ನಿಲ್ಲಿಸಿ, ಕಿಟಕಿಯ ಕಡೆಯವರಿಗೆ ನೋಡಲು ಅನುಕೂಲ ಮಾಡಿಕೊಡುತ್ತಿದ್ದ. ಕಿಟಕಿ ಸಿಗದವರು ಅತ್ತ ಜರುಗಿರೆಂದು ಜಗಳಾಡಿದರು.

ಬಸ್ಸು ಎಲ್ಲಿಗೆ ಹೋಗುತ್ತಿತ್ತೋ ಸುದ್ದಿಯೂ ಅಲ್ಲಿಗೇ ಹೋಗಬೇಕಲ್ಲ!

ಯಲ್ಲಾಪುರಕ್ಕೆ ಮುಟ್ಟುವ ಮೊದಲು ಅದು ಮನೆಯೊಳಗೆ ಮುಟ್ಟಿತು. ಅನ್ನಪೂರ್ಣವ್ವ ರೊಟ್ಟಿ ಬಡಿಯುತ್ತಿದ್ದಳು. ಸಾವಿತ್ರಿ ಹೊಲಿಯುತ್ತಿದ್ದ ಕೌದಿಯನ್ನು ಮಡಚಿ ಗಂಟು ಕಟ್ಟಿ ಮೂಲೆಗಿಟ್ಟಳು.

"ಅವ್ವಾ, ಆ ಮದುವಿ ನನಗ ಬ್ಯಾಡ."

"ಯಾಕ?"

"ಅಪ್ಪ ಅಷ್ಟ ಸಂಕಟ ಪಟ್ಟು ಕೊಡೂದಾದ್ರ ನನಗ್ಯಾಕ ಬೇಕು? ಅವರು ಎಡವಿದ್ರ ಎಡವಲಿ."

ಕಡೆಯ ಮಾತು ಹೇಳುತ್ತ ಅವಳು ಕೌದಿಯ ಗಂಟನ್ನು ಇನ್ನೊಮ್ಮೆ ಬಿಗಿದಳು. ಹಂಚಿನ ಮೇಲಿನ ರೊಟ್ಟಿ ಸೀದು ಕಪ್ಪಾಯಿತು. ಸಂಸಾರ ಹೂಡಿದಂದಿನಿಂದ ಅನ್ನಪೂರ್ಣವ್ವ ಸೀಯಿಸಿದ ಮೊದಲ ರೊಟ್ಟಿ ಅದು. ಅವಳು ಮಗಳ ತಲೆ ನೇವರಿಸಿ, "ಗಂಟು ಬಿಚ್ಚು, ಕೌದಿ ಹೊಲಿ. ನಾ ಅದೀನಿ" ಎಂದು, ಸೀದ ರೊಟ್ಟಿಯನ್ನೇ ಗಂಡನ ತಾಟಿಗೆ ಹಾಕಿದಳು.

"ಇದೇನ ಇದು?" ಎಂದ ಕೆರಿಯಪ್ಪ.

"ನಿಮ್ಮ ಬೀಗದ ಬೆಲಿ. ಹುಡುಗಿ ಮದುವಿ ಒಲ್ಲೆ ಅನ್ನಾಕ ಹತ್ಯಾಳ. ಹೇಳಿಬಿಡ್ರಿ ಮಂದಿಗೆ."

"ನಿಶ್ಚಯ ಆಗಲಿ. ಆಮ್ಯಾಲ ಬೇಕಾದ್ರ ಡಂಗುರ ಹೊಡಿಸು. ಈಗ ಹೇಳಿದ್ರ ಕೆಟ್ಟತು."

ಕೆಡುವುದು ಆಗಲೇ ಯಲ್ಲಾಪುರದಲ್ಲಿ ಬಸ್ಸು ಹತ್ತಲು ತಯಾರಾಗಿತ್ತು. ಮರುದಿನ ಮಧ್ಯಾಹ್ನ ಬಸ್ಸು ನಿಂತಾಗ ಗುತ್ಯಪ್ಪ ಇಬ್ಬರು ತಮ್ಮಂದಿರೊಡನೆ ಇಳಿದರು. ತಲೆಗೆ ಸುತ್ತಿದ ದೊಡ್ಡ ಪಟಗ, ದೊಡ್ಡ ಧ್ವನಿ, ಮುಂಗೋಪ. ಗೌರಕ್ಕ ಗಿರಣಿ ನಿಲ್ಲಿಸಿದಳು. ಹಬ್ಬಕ್ಕೂ ನಿಲ್ಲದ ಗಿರಣಿ ಅದು. ಸಂಗಯ್ಯನವರು ಅರ್ಧ ಊಟ ಬಿಟ್ಟು ಬಂದರು. ಕಂಡಕ್ಟರ್, "ಇಂಜಿನ್ ಕಾದೈತಿ, ಆರಬೇಕು" ಎಂದು ಬಸ್ಸಿನಿಂದ ಎಲ್ಲರನ್ನೂ ಇಳಿಸಿದ.

"ಏನ್ರಿ ಬೀಗರ!" ಗುತ್ಯಪ್ಪ ಅಂಗಡಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟರು. "ನಮ್ಮ ಊರಿನ ಬಸ್ ಕಂಡ್ರ ಕಣ್ಣೀರು ಹಾಕತೀರಂತ? ನಮ್ಮ ಮನಿ ಏನ ಮಸಣ ಅಂತ ತಿಳದೀರಿ?"

"ಬರ್ರಿ ಬೀಗರ, ಕೂಡ್ರಿ, ಚಾ..."

"ಚಾ ಬ್ಯಾಡ! ಅರಬೈಲ್ ಘಟ್ಟದಿಂದ ಬಂದ ಲಾರಿಯವರೂ ಕೇಳತಾರ ನನ್ನ, ನಿಮ್ಮ ಮನಿಯೊಳಗ ಸೊಸೀನ ಏನ ಮಾಡತೀರಿ ಅಂತ! ಮನಸ್ಸಿಲ್ಲದಿದ್ರ ಬ್ಯಾಡ ಅನ್ರಿ. ಊರ ಮುಂದ ಅತ್ತು ನನ್ನ ಮಾನ ಯಾಕ ಕಳೀತೀರಿ?"

ಕೆರಿಯಪ್ಪ ಮನಸ್ಸಿನಲ್ಲೇ ತೂಗಿ ನೋಡಿದ. ಹೇಳಿದರೆ ರೋಗದ ಮನೆಯೆಂದು ಸಂಬಂಧ ಮುರಿಯುತ್ತದೆ, ಹೇಳದಿದ್ದರೆ ಅಳುವ ಮನೆಯೆಂದು ಮುರಿಯುತ್ತದೆ. ಇಂಥ ಇಕ್ಕಟ್ಟಿನಲ್ಲಿ ಡ್ರೈವರ್ ಯಾವುದೋ ಎಮ್ಮೆಯನ್ನು ಓಡಿಸಲು ಹಾರ್ನ್ ಒತ್ತಿದ. ಹಾರ್ನ್ ಕೇಳಿದ ಕೆರಿಯಪ್ಪನ ಕೈ ಅವನನ್ನು ಕೇಳದೆ ಸೊಂಟಕ್ಕೆ ಹೋಯಿತು, ಅಲ್ಲಿ ಸಿಕ್ಕಿಸಿದ್ದ ಸೀಸೆ ಜಾರಿ ಉರುಳುತ್ತ ಹೋಗಿ ಗುತ್ಯಪ್ಪನ ಚಪ್ಪಲಿಗೆ ತಾಗಿ ನಿಂತಿತು.

ಗುತ್ಯಪ್ಪ ಎತ್ತಿಕೊಂಡು ನೋಡಿದರು, ಮೂಸಿದರು. "ಏನಿದು?"

"ಕಣ್ಣಿಗೆ ಹಾಕೂದ್ರಿ..." ಎಂದ ಕೆರಿಯಪ್ಪ ಸಣ್ಣ ಧ್ವನಿಯಲ್ಲಿ.

"ಹಾಂ! ಅಳು ಸೈತ ಖರೇದಲ್ಲ! ಔಷಧ ಹಾಕ್ಕೊಂಡು ಸುಳ್ಳ ಅಳೂದು! ನೋಡ್ರಿ ಊರವರ, ನಮ್ಮ ಹೆಸರು ಕೆಡಸಾಕ ಶಿರಸಿಯಿಂದ ಕಣ್ಣೀರು ಕೊಂಡು ತಂದಾರ!"

ಜನ "ಓಹೋ" ಎಂದಿತು. ಒಂದು ವಾರ ಸಂತೈಸಿದವರಿಗೆ ತಮ್ಮ ಬೀಡಿ ವ್ಯರ್ಥವಾದ ಸಿಟ್ಟು. "ಹೌದ್ರಿ, ಎರಡ ಕಟ್ಟು ಬೀಡಿ ಸೇದ್ಯಾನ" ಎಂದ ಒಬ್ಬ. ಕೆರಿಯಪ್ಪ, "ಅಲ್ರಿ, ಡಾಕ್ಟರು, ಕಾಗದ, ಒಣಾ" ಎಂದು ಏನೇನೋ ತೊದಲಿದ. ಯಾರೂ ನಂಬಲಿಲ್ಲ.

"ಆತು. ಈ ಸಂಬಂಧ ಇಲ್ಲಿಗೆ..." ಎಂದು ಗುತ್ಯಪ್ಪ ತಿರುಗಿದರು.

"ಅಣ್ಣಾರ, ಒಂದ ಗಳಿಗಿ ನಿಲ್ರಿ."

ಅನ್ನಪೂರ್ಣವ್ವ ಅಂಗಡಿಗೆ ಅಂಟಿದ ಮನೆಯೊಳಗಿನಿಂದ ಬಂದಳು. ಒಂದು ಕೈಯಲ್ಲಿ ಈರುಳ್ಳಿಯ ಬುಟ್ಟಿ, ಇನ್ನೊಂದು ಕೈಯಲ್ಲಿ ಎರಡು ಈಳಿಗೆ. ಒಂದನ್ನು ಗಂಡನ ಮುಂದಿಟ್ಟಳು, ಇನ್ನೊಂದನ್ನು ಬೀಗರ ಮುಂದೆ.

"ಹೆಚ್ಚರಿ."

"ನಾ ಹೆಚ್ಚಬೇಕ?" ಗುತ್ಯಪ್ಪ ಕಣ್ಣರಳಿಸಿದರು.

"ನೀವೂ ಹೆಚ್ಚರಿ, ಇವರೂ ಹೆಚ್ಚಲಿ. ಮುರಿಯೂದು ಆಮ್ಯಾಲೂ ಮುರೀಬಹುದು. ಬಸ್ ನಿಂತೈತಲ್ರಿ."

ಹೆಂಗಸು ಇಷ್ಟು ಮೆತ್ತಗೆ ಹೇಳಿದಾಗ ಇಲ್ಲವೆನ್ನುವುದು ಯಾವ ಪಟಗಕ್ಕೂ ಸಾಧ್ಯವಿಲ್ಲ. ಗುತ್ಯಪ್ಪ ಕೂತರು. ಬನವಾಸಿ ಕಡೆಯ ಕೆಂಪು ಈರುಳ್ಳಿ, ಕೊಯ್ದರೆ ಘಾಟು ಮೂಗಿಗಲ್ಲ, ನೆತ್ತಿಗೇ ಹೊಡೆಯುತ್ತಿತ್ತು. ಎರಡನೆಯ ಗಡ್ಡೆಗೆ ಗುತ್ಯಪ್ಪನ ಮೂಗು ಸೊರಗುಟ್ಟಿತು. ಮೂರನೆಯದಕ್ಕೆ ಪಟಗದ ತುದಿ ಕಣ್ಣಿಗೆ ಹೋಯಿತು. ಬಗ್ಗಿ ನೋಡುತ್ತಿದ್ದ ಇಬ್ಬರು ತಮ್ಮಂದಿರು, ಸಂಗಯ್ಯನವರು, ಗೌರಕ್ಕ, ಕಂಡಕ್ಟರ್, ಎಲ್ಲರೂ ಸಾಲಾಗಿ ಕಣ್ಣೊರೆಸಿಕೊಳ್ಳತೊಡಗಿದರು. ಆಗ ತಾನೇ ಬಂದ ದಾರಿಹೋಕನೊಬ್ಬ, "ಯಾರ್ ತೀರಿಕೊಂಡ್ರಿ?" ಎಂದು ಕೇಳಿ ತಲೆಯ ವಸ್ತ್ರ ತೆಗೆದ.

ನಡುವೆ ಕೂತ ಕೆರಿಯಪ್ಪ ಮಾತ್ರ ಸರಸರನೆ ಹೆಚ್ಚುತ್ತಿದ್ದ. ಅಭ್ಯಾಸಬಲದಿಂದ ಬಾಯಿಗೆ ಒಂದು ಚೂರು ಅಡಿಕೆಯನ್ನೂ ಹಾಕಿಕೊಂಡಿದ್ದ. ಕೆಂಪು ಕಣ್ಣು, ಸುಡುವ ಕಣ್ಣು. ಆದರೆ ಒಣ ಕಣ್ಣು.

"ನೋಡ್ರಿ ಅಣ್ಣಾರ" ಎಂದಳು ಅನ್ನಪೂರ್ಣವ್ವ. "ಇವರಿಗೆ ಅಳಾಕ ನೀರ ಇಲ್ಲ. ಅದ ರೋಗ. ನೀವು ಹಿಡದಿದ್ದು ಅದರ ಔಷಧ. ಗಡಿಯಾರ ನಿಂತೈತಿ ಅಂತ ಬಸ್ ನೋಡಿ ಹಾಕ್ಕೊತಾರ. ಕಣ್ಣಿಗಿಂತ ಕೆನ್ನಿಗೇ ಜಾಸ್ತಿ ಬೀಳತೈತಿ. ರೋಗ ಅಂದ್ರ ನೀವು ಹುಡುಗೀನ ಒಲ್ಲೆ ಅಂದೀರಿ ಅಂತ ಹೆದರಿ ಮುಚ್ಚಿಟ್ರು. ಇಷ್ಟ."

ಗುತ್ಯಪ್ಪ ಸೀಸೆಯನ್ನೂ ಕೆರಿಯಪ್ಪನ ಕಣ್ಣನ್ನೂ ನೋಡಿದರು.

"ಹುಡುಗಿಗೆ...?" ಎಂದು ಅರ್ಧಕ್ಕೆ ನಿಲ್ಲಿಸಿದರು.

ಆ ಹೊತ್ತಿಗೆ ಬಾಗಿಲ ಹಿಂದಿನಿಂದ ದೊಡ್ಡದೊಂದು ಬಿಕ್ಕು ಕೇಳಿಸಿತು. ಸಾವಿತ್ರಿ ನಿಂತಿದ್ದಳು. ಈರುಳ್ಳಿಯ ಘಾಟು ಎಷ್ಟು, ಸಂಬಂಧ ಮುರಿಯುವ ಭಯ ಎಷ್ಟು, ಅಪ್ಪನ ಮೇಲಿನ ಕನಿಕರ ಎಷ್ಟು ಎಂದು ಬೇರೆ ಮಾಡುವಂತಿರಲಿಲ್ಲ. ಕೌದಿಯ ಅಂಚು ಹಿಂಡಿದರೆ ತಂಬಿಗೆ ತುಂಬುತ್ತಿತ್ತು.

ಗುತ್ಯಪ್ಪ ಬಾಯಿ ತುಂಬ ನಕ್ಕರು. "ಸಾಕ ತಂಗಿ, ಸಾಕು! ನಿಮ್ಮಪ್ಪನ ಪಾಲಿಂದೂ ನಿನ್ನ ಕಣ್ಣಾಗ ಐತಿ. ಬೀಗರ, ಈಗ ಚಾ ತರಸ್ರಿ. ಉಳ್ಳಾಗಡ್ಡಿ ಹೆಚ್ಚಿಸಿ ಬೀಗರನ್ನ ಅಳಿಸಿದ ಮನಿ ಇದೊಂದ ನೋಡಿದ್ದು ನಾ."

ಗೌರಕ್ಕ, "ನಾ ಮೊದಲ ಹೇಳಿದ್ನಲ್ಲ, ಕಣ್ಣಿಂದ ಏನೋ ಐತಿ ಅಂತ" ಎಂದು ಗಿರಣಿ ಚಾಲೂ ಮಾಡಲು ಹೋದಳು. ಸಂಜೆ ಬಂದು, ತನ್ನ ಕಣ್ಣೂ ತುರಿಸುತ್ತದೆ, ಒಂದು ಹನಿ ಹಾಕು ಎಂದಳು. ಕೆರಿಯಪ್ಪ ಈಗ ಸೀಸೆಯನ್ನು ಎಲ್ಲರಿಗೂ ಕಾಣುವಂತೆ ನಿಂತ ಗಡಿಯಾರದ ಪಕ್ಕದಲ್ಲೇ ಇಟ್ಟಿದ್ದ. "ಡಾಕ್ಟರ ಚೀಟಿ ಐತೇನು? ಇದು ನನ್ನ ಹೆಸರಿಲೆ ಬರದಿದ್ದು" ಎಂದ. ಉಳಿದ ವಿಷಯಗಳಲ್ಲಿ ಹೇಗೋ ಹಾಗೆ, ರೋಗದ ವಿಷಯದಲ್ಲೂ ಮೀಸೆ ತೀಡಲು ಅವನು ಕಲಿತುಬಿಟ್ಟಿದ್ದ.

ಮದುವೆ ಬೇಸಿಗೆಯಲ್ಲಿ ಆಯಿತು. ಅದಕ್ಕೆ ಮೊದಲು ಶಿರಸಿಗೆ ಹೋದಾಗ ಡಾಕ್ಟರು ಮತ್ತೆ ಕಾಗದ ಸಿಕ್ಕಿಸಿದರು. ಕಾಗದದ ತುದಿ ಒದ್ದೆಯಾಗಿತ್ತು. "ಬಾವು ಇಳಿದಿದೆ. ಇನ್ನು ಸಂಜೆ ಮಾತ್ರ ಹಾಕಿ, ಆಮೇಲೆ ನೋಡೋಣ" ಎಂದರು. ಮದುವೆಯ ಅಡುಗೆಗೆ ಕೆರಿಯಪ್ಪ ಎಂದಿನಂತೆ ಈಳಿಗೆಯ ಮುಂದೆ ಕೂತ. ಎರಡು ಗಡ್ಡೆ ಆಗುವಷ್ಟರಲ್ಲಿ ಮೂಗು ಜುಮ್ಮೆಂದಿತು. ಯಾರಿಗೂ ಹೇಳದೆ, "ಹುಡುಗಿ ತಂದಿ ಈಳಿಗಿ ಹಿಡೀಬಾರದಂತ" ಎಂದು ತಾನೇ ಒಂದು ಶಾಸ್ತ್ರ ಹುಟ್ಟಿಸಿ ಎದ್ದುಬಿಟ್ಟ.

ಮಗಳನ್ನು ಕಳಿಸುವ ಬೆಳಿಗ್ಗೆ ಯಲ್ಲಾಪುರದ ಬಸ್ಸು ಬಂದು ನಿಂತಿತು. ಕೌದಿಯ ಗಂಟು ಮೇಲೇರಿತು. ಮಧುಕೇಶ್ವರ ಬಸ್ಸಿನ ಮೆಟ್ಟಿಲಿನಲ್ಲೂ ಎಡವಿದ. ಹೆಂಗಸರೆಲ್ಲ ಅತ್ತರು, ಕೆರಿಯಪ್ಪನ ಅಕ್ಕ ಎಲ್ಲರಿಗಿಂತ ಜೋರಾಗಿ ಅತ್ತಳು. ಸಾವಿತ್ರಿ ಅಪ್ಪನ ಕಾಲು ಮುಟ್ಟಿ ಎದ್ದಳು. ಡ್ರೈವರ್ ಹಾರ್ನ್ ಒತ್ತಿದ.

ಕೆರಿಯಪ್ಪನ ಕೆನ್ನೆಯ ಮೇಲೆ ಎರಡು ಹೊಳೆ ಇಳಿದವು.

"ಸಾವಕಾರ್ರ!" ಕಂಡಕ್ಟರ್ ಬಾಗಿಲಿನಿಂದ ಕೂಗಿದ. "ಹಾರ್ನ್ ಕೇಳಿದ ಕೂಡಲೇ ಹಾಕ್ಕೊಂಡ್ರಿ ನೋಡ್ರಿ!"

ಬಸ್ಸಿನೊಳಗಿನವರೂ ಹೊರಗಿನವರೂ ಗೊಳ್ಳೆಂದು ನಕ್ಕರು. ಅಳುತ್ತಿದ್ದ ಸಾವಿತ್ರಿಯೂ ನಕ್ಕಳು, ನಗುತ್ತಲೇ ಕಿಟಕಿಯಲ್ಲಿ ಕೈ ಬೀಸಿದಳು. ಅವಳು ನಗುತ್ತ ಹೋದದ್ದು ಕಂಡು ಕೆರಿಯಪ್ಪನೂ ಮೀಸೆಯವರೆಗೆ ಬಂದ ನೀರನ್ನು ಒರೆಸದೆ, "ಹೂಂ, ಇವತ್ತ ಒಂದೆರಡ ಹನಿ ಜಾಸ್ತಿ ಆದ್ವು" ಎಂದು ಕೂಗಿದ.

ಧೂಳು ಇಳಿಯಿತು. ಗೌರಕ್ಕ ಅವನ ಮುಖವನ್ನೇ ನೋಡಿ, "ಏನಾರ ಅನ್ನು ಅನ್ನಪೂರ್ಣವ್ವಾ, ಔಷಧ ಚಲೋ ಐತಿ ಬಿಡು" ಎಂದಳು.

ಅನ್ನಪೂರ್ಣವ್ವನ ಸೆರಗಿನ ತುದಿಯಲ್ಲಿ ಸೀಸೆ ಇತ್ತು. ಮದುವೆಯ ಗದ್ದಲದಲ್ಲಿ ಒಡೆದೀತೆಂದು ಗಂಡ ಹಿಂದಿನ ದಿನವೇ ಕೊಟ್ಟದ್ದನ್ನು ಅವಳು ಬಿಗಿಯಾಗಿ ಗಂಟು ಹಾಕಿದ್ದಳು. ಗಂಟು ಹಾಗೇ ಇತ್ತು. ಅವಳು ಸೆರಗಿನ ಇನ್ನೊಂದು ಕಡೆಯಿಂದ ಗಂಡನ ಕೆನ್ನೆ ಒರೆಸಿದಳು.

"ಹೂಂನವ್ವಾ" ಎಂದಳು. "ಔಷಧ ಚಲೋ ಐತಿ."